ತೋಟದಿಂದ ಹತ್ತಿ ಬರುವಾಗ ಎದೆ ಹಿಡಿಯುತ್ತದೆ: ಗ್ಯಾಸೋ, ಪಿತ್ತಕೋಶದ ಕಲ್ಲೋ, ಹೃದಯವೋ?

ಪ್ರಶ್ನೆ: ಡಾಕ್ಟರೇ, ನಾವು ಸಾಗರ ತಾಲ್ಲೂಕಿನ ಒಳಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿರುವವರು. ನಮ್ಮ ಯಜಮಾನರಿಗೆ 56 ವರ್ಷ. ಒಂಬತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬೀಡಿ, ಸಿಗರೇಟು ಇಲ್ಲ; ಆದರೆ ಕವಳಕ್ಕೆ (ಎಲೆ-ಅಡಿಕೆಗೆ) ತಂಬಾಕು ಬೇಕೇ ಬೇಕು. ಮೂರು ತಿಂಗಳಿಂದ ಮಧ್ಯಾಹ್ನ ಊಟ ಮುಗಿಸಿ ತೋಟಕ್ಕೆ ಇಳಿದವರು ಮತ್ತೆ ಹತ್ತಿ ಮನೆಗೆ ಬರುವಾಗ ಎದೆಯ ನಡುವೆ ಹಿಡಿದುಕೊಂಡಂತೆ, ಉರಿದಂತೆ ಆಗುತ್ತದೆ ಎನ್ನುತ್ತಾರೆ. ಐದು ನಿಮಿಷ ಕುಳಿತು ಎರಡು ತೇಗು ಬಂದರೆ ಸರಿಹೋಗುತ್ತದೆ. ಇಸಿಜಿ ತೆಗೆಸಿದೆವು, ನಾರ್ಮಲ್ ಎಂದರು. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು, ಸ್ವಲ್ಪ ವಾಸಿ ಅನ್ನಿಸಿತು. ಆಮೇಲೆ ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ಪಿತ್ತಕೋಶದಲ್ಲಿ 12 ಮಿ.ಮೀ. ಕಲ್ಲು ಕಂಡಿದೆ. ಕಲ್ಲೇ ಕಾರಣ, ಆಪರೇಷನ್ ಮಾಡಿಸಿಬಿಡಿ ಎಂದು ನನ್ನ ಮೈದುನ ಹೇಳುತ್ತಿದ್ದಾನೆ. ಹೃದಯದ ಡಾಕ್ಟರ ಹತ್ತಿರ ಹೋಗೋಣ ಎಂದರೆ ಇವರು ಒಪ್ಪುವುದಿಲ್ಲ. ಅಲ್ಲಿಗೆ ಹೋದರೆ ಸ್ಟೆಂಟ್ ಹಾಕದೆ ಕಳಿಸುವುದಿಲ್ಲ ಎಂಬ ಭಯ. ಮೊದಲು ಕಲ್ಲು ತೆಗೆಸಿ ನೋಡಬಹುದೇ? ಮನೆಯಲ್ಲಿ ಸಾರ್ಬಿಟ್ರೇಟ್ ಇಟ್ಟುಕೊಳ್ಳಬೇಕೇ? ಜೋರಾಗಿ ಕೆಮ್ಮಿದರೆ ಹೃದಯಾಘಾತ ತಪ್ಪುತ್ತದೆ ಎಂದು ವಾಟ್ಸಾಪಿನಲ್ಲಿ ಬಂದಿತ್ತು, ಅದು ನಿಜವೇ?

ಉತ್ತರ: ಅಮ್ಮಾ, ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಮಾತು ಗ್ಯಾಸಿನದೂ ಅಲ್ಲ, ಕಲ್ಲಿನದೂ ಅಲ್ಲ. ‘ಹತ್ತಿ ಬರುವಾಗ ಹಿಡಿದುಕೊಳ್ಳುತ್ತದೆ, ಕುಳಿತರೆ ಹೋಗುತ್ತದೆ’ ಎಂದು ಬರೆದಿದ್ದೀರಲ್ಲ, ಅದು. ಆ ಒಂದು ವಾಕ್ಯದ ಆಧಾರದ ಮೇಲೆ ನೇರವಾಗಿ ಹೇಳುತ್ತೇನೆ: ಪಿತ್ತಕೋಶಕ್ಕೆ ಕೈಹಾಕುವ ಮೊದಲು ಹೃದಯದ ಪರೀಕ್ಷೆ ಆಗಬೇಕು, ಅದೂ ಈ ವಾರದಲ್ಲೇ ಆಗಬೇಕು. ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದಕ್ಕೆ ಹಾಕುವ ವಿಷಯ ಇದಲ್ಲ. ಈಗಿನಂತೆ ಹತ್ತುವಾಗ ಮಾತ್ರ ಬಂದು ಐದು ನಿಮಿಷದಲ್ಲಿ ಹೋಗುತ್ತಿದ್ದರೆ ಇವತ್ತೇ ಆಂಬುಲೆನ್ಸ್ ಕರೆಯಬೇಕಾಗಿಲ್ಲ. ಆದರೆ ನೋವು ಸುಮ್ಮನೆ ಕುಳಿತಿದ್ದಾಗಲೂ ಬರತೊಡಗಿದರೆ, ಮೊದಲಿಗಿಂತ ಕಡಿಮೆ ದೂರಕ್ಕೇ ಕಾಣಿಸಿಕೊಂಡರೆ, ಹೆಚ್ಚು ಹೊತ್ತು ನಿಂತರೆ ಅಥವಾ ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೊರಡಬೇಕು.

ಯಜಮಾನರು ಇದನ್ನು ಗ್ಯಾಸ್ ಎಂದು ನಂಬಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ದೇಹದ ಒಳಗಿನ ಟೊಳ್ಳು ಅಂಗಗಳ ಸ್ವಭಾವವೇ ಹಾಗೆ. ಅನ್ನನಾಳ, ಜಠರ, ಪಿತ್ತಕೋಶ, ಕರುಳು, ಮೂತ್ರಕೋಶ ಎಲ್ಲವೂ ಸ್ನಾಯುವಿನ ಗೋಡೆಯಿರುವ ಚೀಲಗಳು ಅಥವಾ ಕೊಳವೆಗಳು. ಹೃದಯವೂ ನಾಲ್ಕು ಕೋಣೆಗಳ ಒಂದು ಟೊಳ್ಳು ಸ್ನಾಯು. ಬೆರಳಿಗೆ ಮುಳ್ಳು ಚುಚ್ಚಿದರೆ ಕಣ್ಣು ಮುಚ್ಚಿಕೊಂಡೇ ಜಾಗ ತೋರಿಸುತ್ತೇವೆ. ಈ ಅಂಗಗಳ ವಿಷಯದಲ್ಲಿ ಅದು ಆಗುವುದಿಲ್ಲ. ಎಂಡೋಸ್ಕೋಪಿ ಮಾಡುವಾಗ ಜಠರದ ಒಳಪೊರೆಯಿಂದ ಚೂರು ಕತ್ತರಿಸಿ ತೆಗೆದರೂ ರೋಗಿಗೆ ನೋವು ತಿಳಿಯುವುದಿಲ್ಲ. ಈ ಅಂಗಗಳು ನೋಯುವುದು ಉಬ್ಬಿದಾಗ, ಬಿಗಿದುಕೊಂಡಾಗ, ಉರಿಯೂತವಾದಾಗ ಅಥವಾ ರಕ್ತ ಸಾಲದೆ ಹೋದಾಗ. ಆಗಲೂ ನೋವು ಇಲ್ಲೇ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ಮೇಲಿಟ್ಟು ‘ಇಲ್ಲೆಲ್ಲೋ’ ಎನ್ನುತ್ತಾರೆ.

ಇದಕ್ಕೆ ಕಾರಣ ನರಗಳ ಜೋಡಣೆ. ಹೃದಯದಿಂದ ಹೊರಟ ನೋವಿನ ನರಗಳೂ ಅನ್ನನಾಳದಿಂದ ಹೊರಟವೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು ಸೇರುತ್ತವೆ. ಜಠರ, ಪಿತ್ತಕೋಶದ ನರಗಳು ಅದಕ್ಕಿಂತ ಸ್ವಲ್ಪ ಕೆಳಗೆ ಸೇರಿದರೂ ಅವುಗಳ ವ್ಯಾಪ್ತಿ ಒಂದರ ಮೇಲೊಂದು ಹಾಯುತ್ತದೆ. ಎಡಗೈ, ಭುಜ, ಎದೆಯ ಚರ್ಮದ ನರಗಳೂ ಅಲ್ಲಿಗೇ ಬರುತ್ತವೆ. ಒಂದೇ ವಠಾರದ ನಾಲ್ಕು ಮನೆಗಳಿಗೆ ಒಂದೇ ಕರೆಗಂಟೆ ಇದ್ದರೆ ಬಂದವರು ಯಾರ ಮನೆಗೆ ಎಂದು ಸದ್ದಿನಿಂದ ತಿಳಿಯುವುದಿಲ್ಲವಲ್ಲ, ಮಿದುಳಿನ ಪಾಡೂ ಅದೇ. ಹೀಗಾಗಿ ಹೃದಯದ ನೋವು ದವಡೆಗೆ, ಎಡಗೈಗೆ, ಕೆಲವೊಮ್ಮೆ ಹೊಟ್ಟೆಯ ಮೇಲ್ಭಾಗಕ್ಕೆ ಹರಿಯುತ್ತದೆ. ಪಿತ್ತಕೋಶದ್ದು ಬಲಭುಜದ ಹಿಂಬದಿಗೆ, ಮೂತ್ರನಾಳದ ಕಲ್ಲಿನದು ತೊಡೆಸಂದಿಗೆ. ಹೃದಯದ ಕೆಳಗೋಡೆ ವಪೆಯ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯ ಮೇಲೆ ಕುಳಿತಿದೆ. ವಪೆಯ ಆಚೆ ಜಠರ. ಆ ಗೋಡೆಗೆ ರಕ್ತ ನಿಂತರೆ ವಾಕರಿಕೆ, ವಾಂತಿ, ಬೆವರು ಬರುತ್ತವೆ. ಮನೆಯವರು ‘ರಾತ್ರಿಯ ಊಟ ಜೀರ್ಣವಾಗಲಿಲ್ಲ’ ಎಂದುಕೊಂಡು ಓಂಕಾಳು ಕಷಾಯ, ಸೋಡಾ ಕೊಡುತ್ತಾ ಕುಳಿತುಬಿಡುತ್ತಾರೆ. ಆ ತಡ ಎಷ್ಟು ಜೀವಗಳನ್ನು ತೆಗೆದಿದೆ ಎಂಬುದನ್ನು ತುರ್ತು ವಿಭಾಗದಲ್ಲಿ ಕೆಲಸ ಮಾಡಿದ ಯಾವ ವೈದ್ಯನೂ ಮರೆಯಲಾರ.

ನೋವಿನ ಜಾಗ ನಂಬಿಕೆಗೆ ಅರ್ಹವಲ್ಲ, ಉರಿಯೋ ಬಿಗಿತವೋ ಎಂಬ ಬಣ್ಣನೆಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಹಾಗಾದರೆ ನಾವು ಯಾವುದನ್ನು ನಂಬುತ್ತೇವೆ? ನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಯಾವುದರಿಂದ ಹೋಗುತ್ತದೆ ಎಂಬುದನ್ನು. 1768ರಲ್ಲಿ ವಿಲಿಯಂ ಹೆಬರ್ಡನ್ ಎಂಬ ಲಂಡನ್ನಿನ ವೈದ್ಯ ಹೃದಯದ ಈ ಎದೆನೋವಿಗೆ ‘ಆಂಜೈನಾ’ ಎಂದು ಹೆಸರಿಟ್ಟು ವಿವರಿಸಿದಾಗ ಅವನ ಬಳಿ ಇಸಿಜಿಯೂ ಇರಲಿಲ್ಲ, ಎಕ್ಸ್‌ರೇಯೂ ಇರಲಿಲ್ಲ. ರೋಗಿಗಳ ಮಾತನ್ನು ಗಮನವಿಟ್ಟು ಕೇಳಿದ, ಅಷ್ಟೇ. ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಊಟವಾದ ಸ್ವಲ್ಪ ಹೊತ್ತಿಗೆ ಎದೆ ಹಿಡಿಯುತ್ತದೆ, ನಿಂತ ಕೂಡಲೇ ಬಿಡುತ್ತದೆ ಎಂದು ಅವನು ಬರೆದ. ನಿಮ್ಮ ಪತ್ರಕ್ಕೂ ಅದಕ್ಕೂ ವ್ಯತ್ಯಾಸವೇ ಇಲ್ಲ. ಎರಡೂವರೆ ಶತಮಾನ ಕಳೆದರೂ ಆಂಜೈನಾ ಪತ್ತೆಯ ಮೊದಲ ಸಾಧನ ಇಂದಿಗೂ ಈ ಮಾತುಕತೆಯೇ.

ಏರು ಹತ್ತುವಾಗಲೇ ಏಕೆ ಎಂದರೆ, ಹೃದಯ ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ, ದಿನಕ್ಕೆ 1 ಲಕ್ಷ ಸಲದಷ್ಟು ಬಡಿಯುತ್ತದೆ. ಒಳಗೆ ಸದಾ ರಕ್ತ ತುಂಬಿರುವ ಅಂಗವಾದರೂ ಅದರ ದಪ್ಪ ಗೋಡೆಗೆ ಆ ರಕ್ತದಿಂದ ಪ್ರಯೋಜನವಿಲ್ಲ. ಗೋಡೆಗೆ ಬೇಕಾದ ರಕ್ತ ಬರುವುದು ಹೊರಮೈಮೇಲೆ ಹರಡಿರುವ, ಮೂರು ನಾಲ್ಕು ಮಿ.ಮೀ. ಅಗಲದ ಕರೋನರಿ ರಕ್ತನಾಳಗಳಿಂದ. ಅದೂ ಮುಖ್ಯವಾಗಿ ಎರಡು ಬಡಿತಗಳ ನಡುವೆ ಹೃದಯ ಸಡಿಲಗೊಂಡ ಕ್ಷಣದಲ್ಲಿ. ಏರು ಹತ್ತುವಾಗ ಬಡಿತದ ವೇಗ ಹೆಚ್ಚುತ್ತದೆ. ಗೋಡೆಗೆ ಹೆಚ್ಚು ರಕ್ತ ಬೇಕಾಗುತ್ತದೆ, ಆದರೆ ಸಡಿಲಗೊಳ್ಳುವ ಹೊತ್ತು ಕಡಿಮೆಯಾಗುತ್ತದೆ. ಉಂಡ ಮೇಲಾದರೆ ಕರುಳಿಗೂ ಹೆಚ್ಚು ರಕ್ತ ಕಳುಹಿಸಬೇಕು. ನಾಳ ಚೆನ್ನಾಗಿದ್ದರೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಕೊಬ್ಬು ಕಟ್ಟಿಕೊಂಡು ನಾಳ ಕಿರಿದಾಗಿದ್ದರೆ ಕುಳಿತಿದ್ದಾಗ ಸಾಲುತ್ತಿದ್ದ ರಕ್ತ ಹತ್ತುವಾಗ ಸಾಲುವುದಿಲ್ಲ. ಕುಳಿತರೆ ಮತ್ತೆ ಸಾಲುತ್ತದೆ. ತೇಗು ಬಂದದ್ದಕ್ಕೆ ನೋವು ಹೋಯಿತು ಎಂದು ಯಜಮಾನರಿಗೆ ಅನ್ನಿಸುವುದು ಸಹಜ. ಸಂಕಟವಾದಾಗ ಮನುಷ್ಯ ಅರಿವಿಲ್ಲದೆ ಗಾಳಿ ನುಂಗುತ್ತಾನೆ, ಆ ಗಾಳಿ ತೇಗಾಗಿ ಬರುತ್ತದೆ. ನೋವು ಹೋದದ್ದು ಐದು ನಿಮಿಷ ಕುಳಿತದ್ದರಿಂದ. ಜಠರದಲ್ಲಿರುವ ಗಾಳಿ ಎದೆಗೋ ಬೆನ್ನಿಗೋ ನುಗ್ಗಿ ಅಲ್ಲಿ ಸಿಕ್ಕಿಹಾಕಿಕೊಳ್ಳುವ ದಾರಿ ನಮ್ಮ ಶರೀರದಲ್ಲಿ ಇಲ್ಲ.

ಇಸಿಜಿ ನಾರ್ಮಲ್ ಎಂದರೆ

ಇಸಿಜಿ ಆ ಹತ್ತಾರು ಸೆಕೆಂಡುಗಳಲ್ಲಿ ಹೃದಯದ ವಿದ್ಯುತ್ತು ಹೇಗಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ನಿಮ್ಮವರು ಮಂಚದ ಮೇಲೆ ಆರಾಮವಾಗಿ ಮಲಗಿದ್ದರು, ನೋವಿರಲಿಲ್ಲ, ಗೋಡೆಗೆ ಸಾಕಷ್ಟು ರಕ್ತ ಸಿಗುತ್ತಿತ್ತು. ಅದು ನಾರ್ಮಲ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಇಂಥ ಸ್ಥಿರ ಆಂಜೈನಾ, ಅಂದರೆ ಶ್ರಮಪಟ್ಟಾಗ ಮಾತ್ರ ಬಂದು ಕುಳಿತರೆ ಹೋಗುವ ನೋವು ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ವಿಶ್ರಾಂತಿಯ ಇಸಿಜಿ ನಾರ್ಮಲ್ ಆಗಿಯೇ ಇರುತ್ತದೆ. ಹೃದಯದ ಸ್ಕ್ಯಾನಿಂಗ್ ಆದ ಎಕೋ ಪರೀಕ್ಷೆಯೂ ಹಾಗೆಯೇ: ಹಿಂದೆ ಹೃದಯಾಘಾತವಾಗಿ ಗೋಡೆ ಸೋತಿದ್ದರೆ, ಕವಾಟ ಕೆಟ್ಟಿದ್ದರೆ ತೋರಿಸುತ್ತದೆ; ನಾಳ ಕಿರಿದಾಗಿರುವುದನ್ನು ತೋರಿಸಬೇಕೆಂದಿಲ್ಲ. ಸಾಕಷ್ಟು ಜನ ‘ಇಸಿಜಿ, ಎಕೋ ಎರಡೂ ಸರಿ ಇವೆ, ಹೃದಯ ಗಟ್ಟಿ ಇದೆ’ ಎಂದು ಕಡತ ಮುಚ್ಚಿಬಿಡುತ್ತಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಹೃದಯಾಘಾತ ಆಗುತ್ತಿರುವಾಗಲೂ ಮೊದಲ ಇಸಿಜಿ ಕೆಲವರಲ್ಲಿ ಬದಲಾವಣೆ ತೋರಿಸುವುದಿಲ್ಲ. ಅದಕ್ಕೇ ತುರ್ತು ವಿಭಾಗದಲ್ಲಿ ಅದನ್ನು ಮತ್ತೆ ಮತ್ತೆ ತೆಗೆಯುತ್ತಾರೆ, ಹೃದಯದ ಸ್ನಾಯುವಿಗೆ ಹಾನಿಯಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ನೋಡುತ್ತಾರೆ, ಕೆಲವು ಗಂಟೆ ಬಿಟ್ಟು ಅದನ್ನೂ ಇನ್ನೊಮ್ಮೆ ನೋಡುತ್ತಾರೆ.

ಹಾಗಾದರೆ ಮುಂದೇನು? ಮುಖ್ಯ ದಾರಿಗಳು ಮೂರು. ಮೊದಲನೆಯದು ಟ್ರೆಡ್‌ಮಿಲ್ ಪರೀಕ್ಷೆ. ಯಂತ್ರದ ಮೇಲೆ ನಡೆಸುತ್ತಾ ಇಸಿಜಿ ನೋಡುತ್ತಾರೆ, ಅಂದರೆ ತೋಟದ ಏರನ್ನೇ ಆಸ್ಪತ್ರೆಯಲ್ಲಿ, ವೈದ್ಯರ ಕಣ್ಣೆದುರು ಹತ್ತಿಸುತ್ತಾರೆ. ಖರ್ಚು ಕಡಿಮೆ, ಜಿಲ್ಲಾ ಕೇಂದ್ರಗಳಲ್ಲಿ ಸುಲಭವಾಗಿ ಸಿಗುತ್ತದೆ, ಗಂಭೀರ ತೊಂದರೆ ಬಹಳ ಅಪರೂಪ. ಆದರೆ ಕಾಯಿಲೆ ಇರುವ ಮೂವರಲ್ಲಿ ಸುಮಾರು ಒಬ್ಬರನ್ನು ಅದು ಗುರುತಿಸದೆ ಬಿಟ್ಟುಬಿಡುತ್ತದೆ; ಕಾಯಿಲೆ ಇಲ್ಲದ ಕೆಲವರಲ್ಲಿ ಇದೆ ಎನ್ನುತ್ತದೆ. ವಿಶ್ರಾಂತಿಯಲ್ಲೂ ನೋವು ಬರುತ್ತಿರುವವರಿಗೆ ಇದನ್ನು ಮಾಡಲೇಬಾರದು. ಎರಡನೆಯದು ಸಿಟಿ ಆಂಜಿಯೋಗ್ರಾಂ. ನಾಳಗಳು ಚಿತ್ರದಲ್ಲಿ ಕಾಣುವಂತೆ ಮಾಡುವ ಔಷಧವನ್ನು ಕೈಯ ರಕ್ತನಾಳಕ್ಕೆ ಹಾಕಿ ಸ್ಕ್ಯಾನ್ ಮಾಡುತ್ತಾರೆ, ಹೃದಯದೊಳಗೆ ಕೊಳವೆ ಹಾಕುವುದಿಲ್ಲ. ನಾಳ ಸರಿಯಿದೆ ಎಂದು ಅದು ಹೇಳಿದರೆ ಬಹುಮಟ್ಟಿಗೆ ನಂಬಬಹುದು. ಆದರೆ ಬಹುಕಾಲದ ಸಕ್ಕರೆ ಕಾಯಿಲೆಯವರ ನಾಳದಲ್ಲಿ ಸುಣ್ಣ ಕಟ್ಟಿಕೊಂಡಿರುವುದು ಹೆಚ್ಚು, ಆಗ ಚಿತ್ರ ಓದುವುದು ಕಷ್ಟ.

ಮೂರನೆಯದು ಎಲ್ಲರೂ ಹೆದರುವ ಆಂಜಿಯೋಗ್ರಾಂ. ಈಗ ಹೆಚ್ಚಾಗಿ ಮಣಿಕಟ್ಟಿನಿಂದಲೇ ಕೊಳವೆ ಕಳುಹಿಸುತ್ತಾರೆ, ರೋಗಿ ಎಚ್ಚರವಾಗಿಯೇ ಇರುತ್ತಾರೆ. ಪಾರ್ಶ್ವವಾಯು, ಹೃದಯಾಘಾತ, ಸಾವಿನಂಥ ದೊಡ್ಡ ಅಪಾಯ ಸಾವಿರಕ್ಕೆ ಒಂದೆರಡು. ಸಣ್ಣ ತೊಂದರೆಗಳು, ಅಂದರೆ ಚುಚ್ಚಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ಊದುವುದು, ಔಷಧಕ್ಕೆ ಅಲರ್ಜಿಯಾಗುವುದು, ಇದಕ್ಕಿಂತ ಹೆಚ್ಚು. ಸಿಟಿಯಲ್ಲೂ ಇದರಲ್ಲೂ ಬಳಸುವ ಔಷಧ ಮೂತ್ರಪಿಂಡಕ್ಕೆ ಹೊರೆ. ಆದ್ದರಿಂದ ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮೊದಲೇ ಆಗಿರಬೇಕು. ಸಕ್ಕರೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಬೇಕೇ, ಎಷ್ಟು ದಿನ ಎಂದು ವೈದ್ಯರನ್ನು ಕೇಳಬೇಕು. 56 ವಯಸ್ಸು, ಸಕ್ಕರೆ, ತಂಬಾಕು, ಜೊತೆಗೆ ಇಷ್ಟು ಸ್ಪಷ್ಟವಾದ ಲಕ್ಷಣ ಇರುವಾಗ ಹೃದಯತಜ್ಞರು ಮೊದಲೆರಡನ್ನು ಬಿಟ್ಟು ನೇರವಾಗಿ ಮೂರನೆಯದನ್ನೇ ಸೂಚಿಸಬಹುದು. ಅದನ್ನು ದುಡ್ಡಿನ ಆಸೆ ಎಂದು ತಿಳಿಯಬೇಡಿ. ಅನುಮಾನ ಬಲವಾಗಿದ್ದಾಗ ಅರ್ಧ ಉತ್ತರ ಕೊಡುವ ಪರೀಕ್ಷೆಯಿಂದ ದಿನ ಕಳೆಯುತ್ತದೆಯೇ ಹೊರತು ಲಾಭವಿಲ್ಲ.

ಸ್ಟೆಂಟಿನ ಭಯ

ಸ್ಟೆಂಟ್ ಎಂದರೆ ಕಿರಿದಾದ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಸಣ್ಣ ಬಲೆಯ ಕೊಳವೆ. ಯಜಮಾನರ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಅಗತ್ಯವಿಲ್ಲದ ಸ್ಟೆಂಟ್ ಹಾಕಿರುವ ಪ್ರಕರಣಗಳು ನಮ್ಮಲ್ಲೂ ಇವೆ, ಹೊರದೇಶಗಳಲ್ಲೂ ಇವೆ. ಆದರೆ ಆ ಭಯಕ್ಕೆ ಮದ್ದು ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದಲ್ಲ, ವಿಷಯ ತಿಳಿದುಕೊಂಡು ಹೋಗುವುದು.

ಹೃದಯಾಘಾತ ಆಗುತ್ತಿರುವಾಗ ಸ್ಟೆಂಟ್ ಜೀವ ಉಳಿಸುತ್ತದೆ. ಅಲ್ಲಿ ಚರ್ಚೆಗೆ ಜಾಗವಿಲ್ಲ, ಸಮಯವೂ ಇಲ್ಲ. ನಿಮ್ಮವರಂತೆ ಸ್ಥಿರವಾಗಿರುವ ಆಂಜೈನಾದ ಮಾತು ಬೇರೆ. ಭಾರತವೂ ಸೇರಿ 37 ದೇಶಗಳ 5,179 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ, ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸಿಕೊಂಡವರಿಗೂ ಔಷಧದ ಮೇಲೆಯೇ ಆರಂಭಿಸಿದವರಿಗೂ ಸಾವು, ಹೃದಯಾಘಾತಗಳ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನೋವು ಕಡಿಮೆ ಮಾಡುವುದರಲ್ಲಿ ಮಾತ್ರ ಸ್ಟೆಂಟ್, ಬೈಪಾಸ್‌ಗಳದೇ ಮೇಲುಗೈ. ಅಂದರೆ ಸ್ಥಿರ ಆಂಜೈನಾದಲ್ಲಿ ಆಸ್ಪಿರಿನ್, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಬಡಿತ ತಗ್ಗಿಸುವ ಬೀಟಾ ಬ್ಲಾಕರ್‌ಗಳಿಂದ ಚಿಕಿತ್ಸೆ ಆರಂಭಿಸಿ, ನೋವು ಹತೋಟಿಗೆ ಬಾರದಿದ್ದರೆ ಸ್ಟೆಂಟ್ ಯೋಚಿಸುವುದು ಪೂರ್ತಿ ಸಮ್ಮತವಾದ ದಾರಿ. ಇದಕ್ಕೆ ಹೊರತಾದ ಸ್ಥಿತಿಗಳಿವೆ: ಎಡಬದಿಯ ಮುಖ್ಯ ನಾಳವೇ ಕಿರಿದಾಗಿದ್ದರೆ, ಹೃದಯದ ಪಂಪು ಮಾಡುವ ಶಕ್ತಿ ಕುಗ್ಗಿದ್ದರೆ, ನೋವು ದಿನೇ ದಿನೇ ಏರುತ್ತಿದ್ದರೆ ಕಾಯಬಾರದು. ಸಕ್ಕರೆ ಕಾಯಿಲೆ ಇದ್ದು ಹಲವು ನಾಳಗಳಲ್ಲಿ ತಡೆ ಇದ್ದರೆ ನಾಲ್ಕೈದು ಸ್ಟೆಂಟುಗಳಿಗಿಂತ ಬೈಪಾಸ್ ಶಸ್ತ್ರಚಿಕಿತ್ಸೆಯೇ ಮೇಲು ಎಂದು 2012ರಲ್ಲಿ ಬಂದ ‘ಫ್ರೀಡಂ’ ಅಧ್ಯಯನ ತೋರಿಸಿತು. ನಿಮ್ಮವರಿಗೆ ಸಕ್ಕರೆ ಇರುವುದರಿಂದ ಇದನ್ನು ನೆನಪಿನಲ್ಲಿಡಿ.

ಆಂಜಿಯೋಗ್ರಾಂ ನಡೆಯುತ್ತಿರುವಾಗಲೇ ಮನೆಯವರನ್ನು ಬಾಗಿಲಿಗೆ ಕರೆದು ‘ಎರಡು ಬ್ಲಾಕ್ ಇವೆ, ಈಗಲೇ ಹಾಕಿಬಿಡೋಣವೇ’ ಎಂದು ಕೇಳುವ ಪದ್ಧತಿ ಹಲವು ಕಡೆ ಇದೆ. ಆ ಗಾಬರಿಯಲ್ಲಿ ಯಾರೂ ಯೋಚಿಸಿ ಉತ್ತರಿಸಲಾರರು. ಹಿಂದಿನ ದಿನವೇ ವೈದ್ಯರಿಗೆ ಹೇಳಿಡಿ: ‘ಜೀವಕ್ಕೆ ತಕ್ಷಣದ ಅಪಾಯ ಇಲ್ಲದಿದ್ದರೆ ನಾಳೆ ಬರೀ ಆಂಜಿಯೋಗ್ರಾಂ ಮಾಡಿ, ಆಮೇಲೆ ಕುಳಿತು ಮಾತಾಡೋಣ.’ ಯಾವ ಒಳ್ಳೆಯ ವೈದ್ಯರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಆಂಜಿಯೋಗ್ರಾಂನ ಸಿ.ಡಿ. ಕೇಳಿ ಪಡೆಯಿರಿ, ಇನ್ನೊಬ್ಬರಿಗೆ ತೋರಿಸಿ. ಸ್ಟೆಂಟಿನ ಬೆಲೆಗೆ ಕೇಂದ್ರ ಸರ್ಕಾರ 2017ರ ಫೆಬ್ರುವರಿಯಿಂದ ಮಿತಿ ಹಾಕಿದೆ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆಯನ್ನು ಬೇರೆಯಾಗಿ ತೋರಿಸುವಂತೆ ಕೇಳುವುದು ನಿಮ್ಮ ಹಕ್ಕು. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಡಿ ಏನು ಸಿಗುತ್ತದೆ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಒಂದು ಎಚ್ಚರಿಕೆ. ಆಂಜಿಯೋಗ್ರಾಂ ಮಾಡಿಸಿ ಬಂದವರ ಮನೆಗೆ ‘ಬ್ಲಾಕ್ ಕರಗಿಸುವ’ ಸಲಹೆಗಳು ಸಾಲುಗಟ್ಟಿ ಬರುತ್ತವೆ. ಶುಂಠಿ, ಬೆಳ್ಳುಳ್ಳಿ, ನಿಂಬೆ ರಸ ಕುದಿಸಿ ಕುಡಿದರೆ ನಾಳ ತೆರೆದುಕೊಳ್ಳುವುದಿಲ್ಲ. ಸೋರೆಕಾಯಿ ರಸದ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು: ಕಹಿ ಸೋರೆಕಾಯಿಯಲ್ಲಿ ವಿಷವಿರುತ್ತದೆ, ಅದರ ರಸ ಕುಡಿದು ರಕ್ತವಾಂತಿಯಾಗಿ ಸತ್ತವರಿದ್ದಾರೆ. ಸೋರೆಕಾಯಿ ಪಲ್ಯ, ಹುಳಿ ಮಾಡಿ ಊಟ ಮಾಡಿ, ಒಳ್ಳೆಯದೇ. ಕಹಿ ಅನ್ನಿಸಿದರೆ ಬಿಸಾಡಿ. ಕೊಬ್ಬಿನ ಗಂಟನ್ನು ಸ್ಥಿರಗೊಳಿಸಿ ಹೃದಯಾಘಾತ ತಪ್ಪಿಸುತ್ತದೆ ಎಂದು ಗಟ್ಟಿ ಪುರಾವೆ ಇರುವುದು ಸ್ಟ್ಯಾಟಿನ್‌ಗೆ. ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು 70ಕ್ಕಿಂತ ಕೆಳಗೆ, ಸಾಧ್ಯವಾದರೆ 55ಕ್ಕಿಂತ ಕೆಳಗೆ ಇಳಿಸುವುದು ಇಂಥವರಲ್ಲಿ ಗುರಿ. ಅಷ್ಟೇ ದೊಡ್ಡ ಔಷಧ ಕವಳದಿಂದ ತಂಬಾಕನ್ನು ತೆಗೆಯುವುದು. ಹೊಗೆ ಇಲ್ಲದಿದ್ದರೂ ನಿಕೋಟಿನ್ ರಕ್ತಕ್ಕೆ ಸೇರುತ್ತದೆ, ಬಡಿತವನ್ನೂ ಒತ್ತಡವನ್ನೂ ಏರಿಸುತ್ತದೆ. ಊಟದ ಮೇಲೆ ಕವಳ ಹಾಕಿ ಏರು ಹತ್ತುವುದೆಂದರೆ ಹೃದಯಕ್ಕೆ ಮೂರು ಹೊರೆ ಒಟ್ಟಿಗೆ ಹೊರಿಸಿದಂತೆ. ಮಲೆನಾಡಿನ ಮನೆಗಳಲ್ಲಿ ಕವಳದ ತಟ್ಟೆಯನ್ನು ಎತ್ತಿಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ತಂಬಾಕಿನಿಂದ ಆರಂಭಿಸಲಿ.

ಕಲ್ಲನ್ನು ಏನು ಮಾಡುವುದು?

ಪಿತ್ತಕೋಶ 30ರಿಂದ 50 ಮಿ.ಲೀ. ಪಿತ್ತರಸ ಹಿಡಿಯುವ ಸಣ್ಣ ಚೀಲ. ಕೊಬ್ಬಿನ ಊಟ ಕರುಳಿಗೆ ಇಳಿದಾಗ ಅದು ಹಿಂಡಿಕೊಳ್ಳುತ್ತದೆ. ಆಗ ಕಲ್ಲು ಆ ಚೀಲದ ಬಾಯಿಗೆ ಅಡ್ಡ ಬಂದರೆ ನೋವು. ಆ ನೋವಿನ ಸ್ವಭಾವವೇ ಬೇರೆ. ಹೊಟ್ಟೆಯ ಮೇಲ್ಭಾಗದಲ್ಲಿ ಅಥವಾ ಬಲ ಪಕ್ಕೆಲುಬಿನ ಕೆಳಗೆ ಶುರುವಾಗಿ, ಏರಿ, ಒಂದೇ ಸಮನೆ ಅರ್ಧ ಗಂಟೆಯಿಂದ ಹಲವು ಗಂಟೆ ನಿಲ್ಲುತ್ತದೆ. ಕೂತರೂ ನಿಂತರೂ ನಡೆದರೂ ವ್ಯತ್ಯಾಸವಿಲ್ಲ. ಎಷ್ಟೋ ಸಲ ಮದುವೆಮನೆ ಊಟದ ದಿನ ರಾತ್ರಿ ಬರುತ್ತದೆ. ಐದು ನಿಮಿಷ ಕುಳಿತರೆ ಹೋಗುವ, ಏರು ಹತ್ತಿದರಷ್ಟೇ ಬರುವ ನೋವನ್ನು 12 ಮಿ.ಮೀ. ಕಲ್ಲಿನ ಮೇಲೆ ಹೊರಿಸಲು ನನಗೆ ಕಾರಣ ಕಾಣುತ್ತಿಲ್ಲ. ನಡುವಯಸ್ಸಿನವರ ಹೊಟ್ಟೆಗೆ ಸ್ಕ್ಯಾನಿಂಗ್ ಮಾಡಿದರೆ ಇಂಥ ಕಲ್ಲುಗಳು ಬೇಕಾದಷ್ಟು ಸಿಗುತ್ತವೆ. ಸದ್ದು ಮಾಡದೆ ಇರುವ ಕಲ್ಲಿನವರಲ್ಲಿ ವರ್ಷಕ್ಕೆ ನೂರಕ್ಕೆ ಒಂದರಿಂದ ನಾಲ್ಕು ಮಂದಿಗಷ್ಟೇ ನೋವು ಶುರುವಾಗುತ್ತದೆ. ಸಕ್ಕರೆ ಕಾಯಿಲೆ ಇದೆ ಎಂಬ ಒಂದೇ ಕಾರಣಕ್ಕೆ ಸುಮ್ಮನಿರುವ ಕಲ್ಲನ್ನು ತೆಗೆಸಬೇಕಾಗಿಲ್ಲ.

ಮೈದುನರ ಸಲಹೆಯಲ್ಲಿ ನನಗೆ ನಿಜವಾಗಿ ಆತಂಕ ತರುವುದು ಕ್ರಮ. ಪಿತ್ತಕೋಶ ತೆಗೆಯಲು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪ್ರೊಸ್ಕೋಪಿಯಲ್ಲಿ ಹೊಟ್ಟೆಯೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಆ ಒತ್ತಡ, ಅರಿವಳಿಕೆ, ಶಸ್ತ್ರಚಿಕಿತ್ಸೆಯ ನಂತರದ ನೋವು ಎಲ್ಲವೂ ಹೃದಯದ ಮೇಲೆ ಬೀಳುತ್ತವೆ. ಗಟ್ಟಿಮುಟ್ಟಾದ ಹೃದಯಕ್ಕೆ ಇದು ಲೆಕ್ಕಕ್ಕಿಲ್ಲ. ನಾಳ ಕಿರಿದಾಗಿರುವುದು ಗೊತ್ತಿಲ್ಲದೆ ಮೇಜಿನ ಮೇಲೆ ಮಲಗಿಸಿದರೆ ಆಪರೇಷನ್ ಸಮಯದಲ್ಲೋ ಮರುದಿನವೋ ಹೃದಯಾಘಾತವಾಗಬಹುದು. ಇನ್ನೊಂದು ಬದಿಯಿಂದಲೂ ನೋಡಿ: ಸ್ಟೆಂಟ್ ಹಾಕಿದರೆ ರಕ್ತ ಹೆಪ್ಪುಗಟ್ಟದಂತೆ ಎರಡು ಔಷಧಗಳನ್ನು ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು. ಆ ಅವಧಿಯಲ್ಲಿ ಮಾತ್ರೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ಹೆಪ್ಪುಗಟ್ಟುವ ಅಪಾಯ, ನಿಲ್ಲಿಸದೆ ಆಪರೇಷನ್ ಮಾಡಿದರೆ ರಕ್ತಸ್ರಾವದ ಅಪಾಯ. ತುರ್ತಿಲ್ಲದ ಆಪರೇಷನ್‌ಗಳನ್ನು ಸಾಮಾನ್ಯವಾಗಿ ಆರು ತಿಂಗಳು ಮುಂದೂಡುತ್ತಾರೆ. ಆದ್ದರಿಂದ ಕಲ್ಲಿನ ವಿಷಯ ಹೃದಯತಜ್ಞರಿಗೆ ಮೊದಲೇ ಗೊತ್ತಿರಬೇಕು, ಹೃದಯದ ವಿಷಯ ಸರ್ಜನ್‌ಗೆ ಗೊತ್ತಿರಬೇಕು. ಇಬ್ಬರೂ ಒಬ್ಬರಿಗೊಬ್ಬರು ಫೋನ್ ಮಾಡಿ ಮಾತಾಡಲಿ ಎಂದು ನೀವೇ ಕೇಳಿ.

ಮುಂದೆ ಎಂದಾದರೂ ಕಲ್ಲು ನಿಜವಾಗಿ ನೋವು ಕೊಟ್ಟರೆ ತೆಗೆಸಬೇಕಾಗುತ್ತದೆ. ಅದು ಸುರಕ್ಷಿತ ಶಸ್ತ್ರಚಿಕಿತ್ಸೆಯೇ. ಪಿತ್ತನಾಳಕ್ಕೆ ಗಾಯವಾಗುವಂಥ ದೊಡ್ಡ ತೊಂದರೆ ಸಾವಿರಕ್ಕೆ ಮೂರರಿಂದ ಐದು. ಜ್ವರ, ಕಣ್ಣು ಹಳದಿಯಾಗುವುದು, ಆರು ಗಂಟೆ ದಾಟಿದ ನೋವು ಇವು ಕಾಯುವ ಲಕ್ಷಣಗಳಲ್ಲ. ಆಲಿವ್ ಎಣ್ಣೆ, ನಿಂಬೆರಸ ಕುಡಿದು ಕಲ್ಲು ಹೊರಹಾಕುವ ಪ್ರಯೋಗ ಬೇಡ. ಮಲದಲ್ಲಿ ಕಾಣುವ ಹಸಿರು ಉಂಡೆಗಳು ಆ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾಗಿ ಬಂದವು. ಕಲ್ಲು ಇದ್ದಲ್ಲೇ ಇರುತ್ತದೆ.

ಆಮ್ಲದ ತೊಂದರೆಯೂ ಜೊತೆಗಿರಬಹುದೇ? ಖಂಡಿತ ಇರಬಹುದು. ಗ್ಯಾಸ್ಟ್ರಿಕ್ ಮಾತ್ರೆಯಿಂದ ಸ್ವಲ್ಪ ವಾಸಿಯಾದದ್ದಕ್ಕೆ ಅದೇ ಕಾರಣವಿರಬಹುದು. ಊಟವಾಗಿ ಮಲಗಿದಾಗ, ಬಗ್ಗಿ ಕೆಲಸ ಮಾಡುವಾಗ ಹೊಟ್ಟೆಯಿಂದ ಗಂಟಲಿನತ್ತ ಏರುವ ಉರಿ, ಬಾಯಿಗೆ ಹುಳಿನೀರು ಬರುವುದು ಅನ್ನನಾಳದ ಗುರುತು. ಆದರೆ ಒಂದು ಅಂಗಕ್ಕೆ ಕಾಯಿಲೆ ಇದ್ದರೆ ಇನ್ನೊಂದಕ್ಕೆ ಬರುವುದಿಲ್ಲ ಎಂಬ ನಿಯಮವಿಲ್ಲ. ಮಾತ್ರೆ ಮುಂದುವರಿಸುವುದಾದರೆ ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಲಿ. ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗುವುದು ಬೇಡ. ಆ ಮಾತ್ರೆಯೂ ಮೆಟ್‌ಫಾರ್ಮಿನ್ನೂ ಎರಡೂ ದೀರ್ಘಕಾಲದಲ್ಲಿ ವಿಟಮಿನ್ ಬಿ12 ಕಡಿಮೆ ಮಾಡುತ್ತವೆ. ನುಂಗಲು ಕಷ್ಟವಾಗುವುದು, ಮಲ ಕಪ್ಪಾಗುವುದು, ತೂಕ ಇಳಿಯುವುದು ಇದ್ದರೆ ಎಂಡೋಸ್ಕೋಪಿ ಬೇಕು.

ಮನೆಯಲ್ಲಿ ನೋವು ಬಂದರೆ

ನಡೆಯುವುದನ್ನು ನಿಲ್ಲಿಸಿ ಕೂರಬೇಕು. ಕುಳಿತು ಐದು ನಿಮಿಷವಾದರೂ ಬಿಡದಿದ್ದರೆ, ಬೆವರು, ಉಸಿರುಕಟ್ಟುವಿಕೆ, ತಲೆಸುತ್ತು ಸೇರಿಕೊಂಡರೆ 108ಕ್ಕೆ ಕರೆ ಮಾಡಿ. ಮಲೆನಾಡಿನ ದಾರಿಯಲ್ಲಿ ಆಂಬುಲೆನ್ಸ್ ಬರುವುದು ತಡವಾಗುವಂತಿದ್ದರೆ ಪಕ್ಕದ ಮನೆಯವರ ಕಾರು, ಜೀಪು ಯಾವುದಾದರೂ ಸರಿ. ಅವರು ತಾವೇ ಗಾಡಿ ಓಡಿಸಬಾರದು, ರಸ್ತೆಯವರೆಗೆ ನಡೆದು ಹತ್ತಿ ಬರಲೂಬಾರದು. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬನ್ನಿ. ಆಸ್ಪಿರಿನ್ ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವವಾದ ಇತಿಹಾಸ ಇಲ್ಲದಿದ್ದರೆ 300ರಿಂದ 325 ಮಿ.ಗ್ರಾಂ. ಆಸ್ಪಿರಿನ್ ಜಗಿದು ನುಂಗಬಹುದು. ಬೆನ್ನು ಹರಿದಂತೆ ಒಮ್ಮೆಲೇ ಭಯಂಕರ ನೋವು ಬಂದಿದ್ದರೆ ಮಾತ್ರ ಕೊಡಬೇಡಿ. ಅದು ಮಹಾಪಧಮನಿ ಸೀಳಿದ ನೋವಾಗಿರಬಹುದು.

ನಾಲಗೆಯ ಕೆಳಗಿಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ನೀವಾಗಿಯೇ ತಂದಿಟ್ಟುಕೊಳ್ಳಬೇಡಿ. ಹೃದಯತಜ್ಞರು ನೋಡಿ ಬರೆದುಕೊಟ್ಟರೆ, ಯಾವಾಗ, ಎಷ್ಟು ಎಂದು ಕೇಳಿ ತಿಳಿದುಕೊಂಡ ಮೇಲೆ ಇಟ್ಟುಕೊಳ್ಳಿ. ಅದು ರಕ್ತದೊತ್ತಡವನ್ನು ಥಟ್ಟನೆ ಇಳಿಸುತ್ತದೆ. ನಿಂತುಕೊಂಡು ನಾಲಗೆ ಕೆಳಗಿಟ್ಟರೆ ತಲೆತಿರುಗಿ ಬೀಳಬಹುದು. ಲೈಂಗಿಕ ಶಕ್ತಿಗಾಗಿ ತೆಗೆದುಕೊಳ್ಳುವ ಸಿಲ್ಡೆನಾಫಿಲ್ ಮಾತ್ರೆ 24 ಗಂಟೆಯೊಳಗೆ, ಟಡಾಲಾಫಿಲ್ 48 ಗಂಟೆಯೊಳಗೆ ತೆಗೆದುಕೊಂಡಿದ್ದರೆ ಸಾರ್ಬಿಟ್ರೇಟ್ ಪ್ರಾಣಕ್ಕೇ ಅಪಾಯ. ಸಕ್ಕರೆ ಕಾಯಿಲೆಯ ಗಂಡಸರಲ್ಲಿ ಅನೇಕರು ಇವನ್ನು ಹೆಂಡತಿಗೂ ಹೇಳದೆ ತೆಗೆದುಕೊಳ್ಳುತ್ತಾರೆ. ವೈದ್ಯರ ಬಳಿ ಒಬ್ಬರೇ ಐದು ನಿಮಿಷ ಮಾತಾಡಲು ಅವರಿಗೆ ಅವಕಾಶ ಮಾಡಿಕೊಡಿ. ಸಾರ್ಬಿಟ್ರೇಟಿನಿಂದ ನೋವು ಹೋಯಿತು ಎಂಬುದು ಹೃದಯದ್ದೇ ಎನ್ನಲು ಸಾಕ್ಷಿಯೂ ಅಲ್ಲ, ಅನ್ನನಾಳದ ಸೆಳೆತವೂ ಅದರಿಂದ ಸಡಿಲವಾಗುತ್ತದೆ.

ಕೆಮ್ಮುವ ವಿಷಯ ಸುಳ್ಳು. ಆಂಜಿಯೋಗ್ರಾಂ ಕೋಣೆಯಲ್ಲಿ ಮಾನಿಟರ್ ನೋಡುತ್ತಾ, ಬಡಿತ ಕೆಟ್ಟ ಆ ಕ್ಷಣದಲ್ಲಿ ರೋಗಿಗೆ ಕೆಮ್ಮಲು ಹೇಳುವುದುಂಟು. ಅದನ್ನೇ ಹಿಗ್ಗಿಸಿ ಮನೆಮದ್ದು ಮಾಡಿದ್ದಾರೆ. ಮನೆಯಲ್ಲಿ ಕೆಮ್ಮುತ್ತಾ ಕುಳಿತರೆ ಹೋಗುವುದು ಸಮಯ.

ಯಾವ ಆಸ್ಪತ್ರೆಗೆ ಎಂದು ಈಗಲೇ ನಿರ್ಧರಿಸಿಡಿ. ರಾಜ್ಯ ಸರ್ಕಾರದ ‘ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ಕಳುಹಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಈ ಚುಚ್ಚುಮದ್ದಿಗೆ ಮೊದಲ ಒಂದೆರಡು ಗಂಟೆಗಳಲ್ಲಿ ಇರುವ ಬಲ ಆಮೇಲೆ ಇರುವುದಿಲ್ಲ. ಸಾಗರದ ಆಸ್ಪತ್ರೆಗೆ ಒಮ್ಮೆ ಹೋದಾಗ ಅಲ್ಲಿ ಅದು ಸಿಗುತ್ತದೆಯೇ ಎಂದು ಕೇಳಿಕೊಂಡು ಬನ್ನಿ. ಸಿಗುವುದಾದರೆ ನೋವು ಬಂದ ದಿನ ಮೊದಲು ಅಲ್ಲಿಗೇ ಹೋಗಿ. ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕಳುಹಿಸಬೇಕಾದರೆ ಅಲ್ಲಿಂದ ಕಳುಹಿಸುತ್ತಾರೆ.

ನಿಮಗಾಗಿ ಒಂದು ಮಾತು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಹೃದಯದ ತೊಂದರೆ ಎದೆನೋವಿಲ್ಲದೆಯೂ ಬರುತ್ತದೆ: ಮೆಟ್ಟಿಲು ಹತ್ತಿದರೆ ಹಿಂದೆಂದೂ ಇಲ್ಲದ ಏದುಸಿರು, ದವಡೆ ನೋವು, ಕಾರಣವಿಲ್ಲದ ಸುಸ್ತು. ನಿಮಗೆ ಹಾಗಾದರೆ ‘ಕೆಲಸ ಜಾಸ್ತಿಯಾಯಿತು’ ಎಂದು ಸುಮ್ಮನಾಗಬೇಡಿ.

ಪರೀಕ್ಷೆಗೆ ಹೋಗುವವರೆಗೆ ಊಟವಾದ ಮೇಲೆ ಎರಡು ಗಂಟೆ ತೋಟಕ್ಕೆ ಇಳಿಯುವುದು ಬೇಡ, ಅಡಿಕೆ ಗೊನೆ ಹೊರುವುದು ಬೇಡ. ಹೋಗುವಾಗ ಹಳೆಯ ಇಸಿಜಿ, ಸ್ಕ್ಯಾನಿಂಗ್ ವರದಿ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಕೊಲೆಸ್ಟರಾಲ್, ಕ್ರಿಯಾಟಿನಿನ್ ವರದಿ ಜೊತೆಗಿರಲಿ. ವೈದ್ಯರು ಏನು ತೊಂದರೆ ಎಂದು ಕೇಳಿದಾಗ ಯಜಮಾನರು ‘ಗ್ಯಾಸ್’ ಎಂದು ಉತ್ತರಿಸುವ ಸಾಧ್ಯತೆಯೇ ಹೆಚ್ಚು. ನೀವು ಪಕ್ಕದಲ್ಲಿದ್ದು ನನಗೆ ಬರೆದ ಹಾಗೆಯೇ ಅವರಿಗೂ ಹೇಳಿ: ಎಲ್ಲಿ ಹತ್ತುವಾಗ ಬರುತ್ತದೆ, ಎಷ್ಟು ಹೊತ್ತು ಕುಳಿತರೆ ಹೋಗುತ್ತದೆ, ಎಷ್ಟು ದಿನಗಳಿಂದ ಇದೆ.